ಸೀಸದ ಶೆಡ್ಡಿನ ಹುತ್ತ

ಮಣ್ಣಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮಣ್ಣು, ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು ನಾನು. ಲ್ಯಾಬು ಶಿವಮೊಗ್ಗದಲ್ಲಿ, ನವುಲೆ ಕಡೆ. ಮನೆ ಭದ್ರಾವತಿಯ ಜನ್ನಾಪುರದಲ್ಲಿ. ತೋಟದವರು ಯೂರಿಯಾ ಚೀಲದಲ್ಲಿ ಮಣ್ಣು ಕಟ್ಟಿಕೊಂಡು ಬಂದು ನನ್ನ ಮೇಜಿನ ಮೇಲೆ ಸುರಿಯುತ್ತಿದ್ದರು. ಬೆರಳಲ್ಲಿ ಉಜ್ಜಿ ನೋಡಿ, ಮೆಷಿನ್ನಿಗೆ ಕೊಡುವ ಮೊದಲೇ ಅರ್ಧ ಉತ್ತರ ಹೇಳಿಬಿಡುತ್ತಿದ್ದೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನನ್ನ ಕೈ ಕೆಸರಾಗಿದ್ದು ನಿಜ, ಬಾಯಿ ಮಾತ್ರ ಹುಳಿಮೊಸರಾಯಿತು ಎಂದು ಅಮ್ಮ ಹೇಳುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ನನ್ನ ಬಾಯಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ನಾವು ನಾಲ್ಕು ಜನ: ಅಮ್ಮ, ನಾನು, ನನ್ನ ತಮ್ಮ, ತಮ್ಮನ ಹೆಂಡತಿ. ನನಗೆ ಮದುವೆಯಾಗಲಿಲ್ಲ, ಆಗಬೇಕೆಂದು ನಾನು ಒದ್ದಾಡಲೂ ಇಲ್ಲ. ತಮ್ಮ ಸ್ಕೂಲ್ ವ್ಯಾನು ಓಡಿಸುತ್ತಾನೆ. ಅವನ ಹೆಂಡತಿ ಮದುವೆಗೆ ಮುಂಚೆ ನರ್ಸರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು, ಕಡಿಮೆ ಮಾತಿನವಳು. ಒಂಬತ್ತು ವರ್ಷ ಅವರಿಗೆ ಮಕ್ಕಳಾಗಲಿಲ್ಲ. ಆ ಒಂಬತ್ತು ವರ್ಷವೂ ನಾನು ಸುಮ್ಮನಿರಲಿಲ್ಲ.

ಒಂದು ಸಲ ಊಟಕ್ಕೆ ಕೂತಾಗ ತಮ್ಮನಿಗೆ ಹೇಳಿದ್ದೆ, ‘ದಿನಾ ವ್ಯಾನ್ ತುಂಬಾ ಮಕ್ಕಳನ್ನ ತುಂಬ್ಕೊಂಡು ಬರ್ತೀಯ ಮಾರಾಯ, ನಮ್ಮನೆ ಬಾಗಿಲಲ್ಲಿ ಒಂದನ್ನೂ ಇಳಿಸಲ್ಲ.’ ಅವನು ನಕ್ಕ. ಅವಳು ಸಾರಿನ ಪಾತ್ರೆ ಕೆಳಗಿಟ್ಟು ಒಳಗೆ ಹೋಗಿ ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆದಳು. ಪಕ್ಕದ ಮನೆಯ ಸೀಮಂತಕ್ಕೆ ಹೊರಟು ನಿಂತಿದ್ದಾಗ, ‘ನೀನು ಹಿಂದೆ ನಿಂತ್ಕೋ, ಮಡಿಲು ತುಂಬೋವಾಗ ಮುಂದೆ ಹೋಗ್ಬೇಡ, ಅವರಿಗೂ ಇರುಸುಮುರುಸು,’ ಅಂದಿದ್ದೆ. ಅವಳು ಸೀರೆ ಬದಲಾಯಿಸಿ ಮನೆಯಲ್ಲೇ ಉಳಿದಳು. ನಾನು ಹೋಗಿ ಹೋಳಿಗೆ ಉಂಡು ಬಂದೆ. ಇವನ್ನೆಲ್ಲ ನಾನು ಹಗೆಯಿಂದ ಹೇಳುತ್ತಿರಲಿಲ್ಲ. ನಾಲಿಗೆಗೆ ಬರುತ್ತಿತ್ತು, ಹೇಳುತ್ತಿದ್ದೆ. ಹಗೆಯಿಂದ ಹೇಳಿದ್ದರೂ ಅವಳಿಗೆ ಅಷ್ಟೇ ನೋವಾಗುತ್ತಿತ್ತು ಎಂದು ಈಗ ಗೊತ್ತಿದೆ.

ಹರಕೆಗಳ ವಿಷಯದಲ್ಲಂತೂ ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಸೋಮವಾರದ ಉಪವಾಸ, ಗುರುವಾರದ ಉಪವಾಸ, ಅಶ್ವತ್ಥಕಟ್ಟೆಯ ಸುತ್ತು. ‘ನೀನು ಸುತ್ತಿದ್ದರಲ್ಲಿ ಅರ್ಧ ದೂರ ಡಾಕ್ಟರ ಹತ್ರ ನಡೆದಿದ್ರೆ ಏನಾದ್ರೂ ಆಗ್ತಿತ್ತು,’ ಅನ್ನುತ್ತಿದ್ದೆ. ಡಾಕ್ಟರ ಹತ್ತಿರವೂ ಅವಳು ಹೋಗಿಬಂದಿದ್ದಳು. ಅದು ನನಗೆ ಗೊತ್ತಿತ್ತು.

ಇನ್ನು ಸೀಸದ ಶೆಡ್ಡಿನ ಮಾತು. ಭದ್ರಾವತಿಯ ಕಾರ್ಖಾನೆ ಅಂದ ಕೂಡಲೇ ಜನರಿಗೆ ದೊಡ್ಡ ದೊಡ್ಡ ಚಿಮಣಿಗಳು ನೆನಪಾಗುತ್ತವೆ. ಇದು ಅವುಗಳಲ್ಲ. ಊರಿನ ಅಂಚಿನಲ್ಲಿ, ಭದ್ರಾ ಹೊಳೆಯ ದಂಡೆಗೆ ತಾಗಿ ತಗಡಿನ ಒಂದು ಶೆಡ್ಡು. ಹಳೇ ಬ್ಯಾಟರಿಗಳನ್ನು ಒಡೆದು, ಒಳಗಿನ ಸೀಸ ಕರಗಿಸಿ ಗಟ್ಟಿ ಹೊಯ್ಯುತ್ತಿದ್ದರು. ಬ್ಯಾಟರಿಯ ಆಸಿಡ್ಡು ನೆಲಕ್ಕೆ, ಕರಗಿಸಿ ಉಳಿದ ಕಿಟ್ಟ ಹಿತ್ತಲ ಗುಂಡಿಗೆ. ಮಾಲೀಕ ಸತ್ತ, ಮಕ್ಕಳು ಬೀಗ ಹಾಕಿದರು, ಹತ್ತು ಹದಿನೈದು ವರ್ಷ ಅಲ್ಲಿ ಲಂಟಾನ ಬೆಳೆಯಿತು. ಆಮೇಲೆ ಲೇಔಟಿನವರು ಆ ಜಾಗ ಕೊಂಡರು. ಹೊಳೆಗೆ ಮುಖ ಮಾಡಿದ ಸೈಟುಗಳು, ನಡುವೆ ಪಾರ್ಕು, ದಂಡೆಯುದ್ದ ನಡೆದಾಡುವ ದಾರಿ, ಹಾಗೆ ನಕ್ಷೆ.

ಸೈಟು ಮಾಡಬೇಕಾದರೆ ನೆಲ ಶುದ್ಧವಾಗಬೇಕು. ವಿಷ ಕುಡಿದ ಮಣ್ಣನ್ನು ಆಳದವರೆಗೆ ಬಗೆದು, ಟಾರ್ಪಾಲು ಮುಚ್ಚಿದ ಲಾರಿಗಳಲ್ಲಿ ದೂರ ಸಾಗಿಸಿ, ಆ ಜಾಗಕ್ಕೆ ಗುಡ್ಡದ ಕೆಂಪುಮಣ್ಣು ತುಂಬಬೇಕು. ಬಳಿಕ ಇಡೀ ಜಾಗವನ್ನು ಚೌಕ ಚೌಕ ಗುರುತು ಮಾಡಿ, ಪ್ರತಿ ಚೌಕದ ಮಣ್ಣು ಪರೀಕ್ಷಿಸಿ, ಸೀಸ ಇಲ್ಲ ಎಂದು ಲ್ಯಾಬಿನವರು ಬರೆದುಕೊಡಬೇಕು. ಆ ಕೆಲಸ ನಮ್ಮ ಲ್ಯಾಬಿಗೆ ಬಂತು. ನನ್ನದೇ ಊರು, ನನಗೇ ಒಪ್ಪಿಸಿದರು. ಬೇಸಿಗೆಯ ಎರಡು ತಿಂಗಳು ತಲೆಗೆ ಟವೆಲ್ ಸುತ್ತಿಕೊಂಡು, ಸುಣ್ಣದ ಪುಡಿ ಹಿಡಿದು, ಎಲ್ಲಿ ಅಗೆಯಬೇಕು, ಎಲ್ಲಿ ಪರೀಕ್ಷಿಸಬೇಕು ಎಂದು ಆ ನೆಲದ ಮೇಲೆ ಗೆರೆ ಎಳೆದೆ.

ಹಿತ್ತಲಿನಲ್ಲಿ, ಹಳೇ ಕಿಟ್ಟದ ಗುಂಡಿ ಇದ್ದ ಕಡೆಯೇ, ಒಂದು ಹುತ್ತ ಇತ್ತು. ಎದೆಯೆತ್ತರ, ನಾಲ್ಕು ಕೋಡು. ಬೇಲಿ ಮುರಿದಿದ್ದರಿಂದ ಸುತ್ತಲಿನ ಹೆಂಗಸರು ಎಷ್ಟೋ ವರ್ಷದಿಂದ ಒಳಗೆ ಬಂದು ಅರಿಸಿನ ಕುಂಕುಮ ಹಚ್ಚಿ ಹೋಗುತ್ತಿದ್ದರು. ಕನ್ನಡದವರು, ತಮಿಳಿನವರು, ತೆಲುಗಿನವರು ಎಲ್ಲರೂ ಬರುತ್ತಿದ್ದರು.

ಜೆಸಿಬಿ ಹುತ್ತದ ಹತ್ತಿರ ಬಂದಾಗ ಡ್ರೈವರು ಇಂಜಿನ್ ಆರಿಸಿ ಕೆಳಗಿಳಿದ. ತಮಿಳು ಮನೆಮಾತಿನ, ನಲವತ್ತು ದಾಟಿದ ಮನುಷ್ಯ. ಅಷ್ಟು ದಿನ ಹೇಳಿದ್ದನ್ನೆಲ್ಲ ಮಾಡಿದವನು. ‘ಮೇಡಂ, ಪುತ್ತು ನಾನ್ ಮುಟ್ಟಲ್ಲ. ಮನೇಲಿ ಎರಡು ಹೆಣ್ಣುಮಕ್ಳಿವೆ. ಬೇಕಾದ್ರೆ ಗಾಡಿ ಇಲ್ಲೇ ಬಿಟ್ಟು ಹೋಗ್ತೀನಿ, ಬೇರೆಯವರನ್ನ ಕರೆಸಿ,’ ಅಂದ. ಬೇರೆಯವನನ್ನೂ ಕರೆಸಿದರು. ಅವನು ಗಾಡಿಯಿಂದ ಇಳಿಯಲೂ ಇಲ್ಲ, ದೂರದಿಂದಲೇ ಕೈಮುಗಿದು ವಾಪಸು ಹೋದ.

ಲೇಔಟಿನ ಇಂಜಿನಿಯರು ಚಾಲಾಕಿನವನು. ‘ಹಾವೂ ಸಾಯಬಾರದು, ಕೋಲೂ ಮುರೀಬಾರದು ಮೇಡಂ. ನಕ್ಷೇಲಿ ಇದು ಪಾರ್ಕಿಗೇ ಬೀಳುತ್ತೆ. ಸುತ್ತ ಒಂದು ಕಟ್ಟೆ ಕಟ್ಟಿಸಿದ್ರೆ ಜನಕ್ಕೂ ಖುಷಿ. ನೀವು ಒಂದು ರೌಂಡ್ ಹಾಕಿ, ಅದನ್ನ ಬಿಟ್ಟು ಉಳಿದಿದ್ದು ಅಗೆಸ್ತೀನಿ,’ ಅಂದ.

ನಾನು ಬೇಡ ಅನ್ನಬೇಕಾಗಿತ್ತು. ಹುತ್ತ ಅಂದರೆ ಏನೆಂದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೆ ಗೊತ್ತಿತ್ತು. ಗೆದ್ದಲು ತೇವ ಹುಡುಕಿಕೊಂಡು ಆಳಕ್ಕೆ ಇಳಿಯುತ್ತದೆ. ಅಲ್ಲಿಯ ಮಣ್ಣನ್ನು ಕಣ ಕಣವಾಗಿ ಬಾಯಲ್ಲಿ ಹೊತ್ತು ಮೇಲೆ ತಂದು ಮೆತ್ತುತ್ತದೆ. ಕೆಳಗೆ ಕಿಟ್ಟದ ಗುಂಡಿ. ಆ ಜಾಗದಲ್ಲಿ ಮೊಟ್ಟಮೊದಲು ತೆಗೆಯಬೇಕಾದದ್ದೇ ಅದು. ಆದರೆ ಸುಣ್ಣದ ಪುಡಿ ಹಿಡಿದು ಹುತ್ತದ ಹತ್ತಿರ ಹೋದ ನಾನು ಏನು ಮಾಡಿದೆ ಗೊತ್ತೇ, ಚಪ್ಪಲಿ ಬಿಟ್ಟೆ. ಒಂಬತ್ತು ವರ್ಷ ತಮ್ಮನ ಹೆಂಡತಿಯ ದೇವರನ್ನು ಆಡಿಕೊಂಡವಳು, ಕಾದ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಒಂದು ಕ್ಷಣ ಮನಸ್ಸಿನಲ್ಲೇ ತಪ್ಪಾಯಿತಪ್ಪಾ ಅಂದು, ಹುತ್ತದ ಸುತ್ತ ದುಂಡಗೆ ಗೆರೆ ಎಳೆದೆ. ಯಾರೂ ನಗಲಿಲ್ಲ. ಅಲ್ಲಿದ್ದ ಎಲ್ಲರೂ ಚಪ್ಪಲಿ ಬಿಟ್ಟೇ ನಿಂತಿದ್ದರು.

ಕಾಗದದ ಮೇಲೆ ಮಾತ್ರ ಸುತ್ತುಗೆರೆಗೆ ಜಾಗವಿಲ್ಲ. ಪ್ರತಿ ಚೌಕಕ್ಕೂ ಒಂದು ಲೆಕ್ಕ ಬರೆಯಬೇಕು. ಹುತ್ತದ ಚೌಕ ಖಾಲಿ ಉಳಿಯಿತು. ಇಂಜಿನಿಯರು ಫೋನು ಮಾಡಿ, ‘ಪಕ್ಕದ್ರಿಂದಲೇ ಎರಡು ಚೀಲ ತುಂಬಿ ಮೇಡಂ, ಅದೂ ಅಲ್ಲೇದೇ ತಾನೆ,’ ಅಂದ. ಪಕ್ಕದ ಚೌಕದಲ್ಲಿದ್ದದ್ದು ಆಗತಾನೆ ಗುಡ್ಡದಿಂದ ತಂದು ಸುರಿದ ಕೆಂಪುಮಣ್ಣು. ನಾನು ಅದನ್ನೇ ತುಂಬಿ, ಚೀಲದ ಮೇಲೆ ಹುತ್ತದ ಚೌಕದ ನಂಬರು ಬರೆದೆ. ಇಡೀ ಜಾಗ ಶುದ್ಧ ಎಂಬ ಸರ್ಟಿಫಿಕೇಟಿನ ಕೆಳಗೆ ನನ್ನ ಸೈನು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಮಳೆಗಾಲ ಬಂತು. ಸೈಟುಗಳ ಕಲ್ಲು ನೆಟ್ಟರು, ಹುತ್ತಕ್ಕೆ ಟೈಲ್ಸ್ ಹಾಕಿದ ಕಟ್ಟೆಯಾಯಿತು, ಮೇಲೊಂದು ತಗಡಿನ ಚಪ್ಪರ. ನಾಗರಪಂಚಮಿಯ ದಿನ ಜನ್ನಾಪುರದಿಂದಲೂ ಹೆಂಗಸರು ಹೋದರು. ಅಮ್ಮ, ತಮ್ಮನ ಹೆಂಡತಿ ಇಬ್ಬರೂ ಹಾಲಿನ ಚೊಂಬು ಹಿಡಿದು ಹೊರಟರು. ವಿಷ ಇದ್ದ ಜಾಗವನ್ನೆಲ್ಲ ಅಗೆದು ಬಿಸಾಕಿದರೂ ನಾಗಪ್ಪನನ್ನು ಮಾತ್ರ ಯಾರಿಗೂ ಅಲ್ಲಾಡಿಸಲು ಆಗಲಿಲ್ಲ ಎಂದು ಊರಲ್ಲಿ ಮಾತು ಹಬ್ಬಿತ್ತು. ಆ ಮಹಿಮೆ ಮಾಡಿದವಳು ನಾನು. ಮನೆಯಲ್ಲಿ ಬಾಯಿ ಬಿಡಲಿಲ್ಲ.

ಹಾಲೆರೆದು ಬರುವಾಗ ಹುತ್ತದ ಮಣ್ಣು ತರುವುದು ನಮ್ಮಲ್ಲಿ ರೂಢಿ. ಕಿವಿಗೆ, ಹೊಟ್ಟೆಗೆ ಹಚ್ಚಿಕೊಳ್ಳುತ್ತಾರೆ. ಹರಕೆ ಹೊತ್ತವರು ಒಂದು ಚಿಟಿಕೆ ಬಾಯಿಗೂ ಹಾಕಿಕೊಳ್ಳುತ್ತಾರೆ. ತಮ್ಮನ ಹೆಂಡತಿ ನಲವತ್ತೆಂಟು ದಿನದ ಹರಕೆ ಹೊತ್ತಳು. ದೇವರ ಮನೆಯಲ್ಲಿ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಮಣ್ಣಿಟ್ಟುಕೊಂಡು ದಿನಾ ಸ್ನಾನ ಮಾಡಿ ಒಂದು ಚಿಟಿಕೆ ತಿನ್ನುತ್ತಿದ್ದಳು. ನಾನು ಬೆಳಿಗ್ಗೆಯೇ ಬಸ್ಸು ಹಿಡಿಯುವವಳು, ನೋಡಿರಲಿಲ್ಲ. ನೋಡಿರಲಿಲ್ಲ ಅನ್ನುವುದು ನಿಜ. ಊಹೆ ಮಾಡಬಹುದಿತ್ತು ಅನ್ನುವುದೂ ನಿಜ.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಅವಳು ಬಸುರಿಯಾದಳು. ಅಮ್ಮ ಅತ್ತುಬಿಟ್ಟಳು. ತಮ್ಮ ವ್ಯಾನಿನ ಮಕ್ಕಳಿಗೆಲ್ಲ ಪೇಡ ಹಂಚಿದ. ಅವಳು ನನ್ನ ಕಾಲಿಗೂ ನಮಸ್ಕಾರ ಮಾಡಿದಳು. ನಾನು, ‘ಅಂತೂ ಬಸ್ಸು ಬಂತಲ್ಲ ಮಾರಾಯ್ತಿ, ಇನ್ನು ಸರಿಯಾಗಿ ಹತ್ತಿ ಕೂತ್ಕೋ,’ ಅಂದೆ. ಅದು ನನ್ನ ಲೆಕ್ಕದಲ್ಲಿ ಆಶೀರ್ವಾದ.

ಒಂದು ಭಾನುವಾರ ಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದೆ. ಅವಳು ಬಚ್ಚಲ ಕಲ್ಲಿನ ಮೇಲೆ ಕೂತು ಡಬ್ಬಿಯಿಂದ ಏನನ್ನೋ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಚಿಟಿಕೆಯಲ್ಲ, ಬೆರಳು ತುಂಬಾ. ಬಸುರಿಯರಿಗೆ ಮಣ್ಣು ತಿನ್ನುವ ಬಯಕೆ ಆಗುವುದು ಹೊಸದೇನಲ್ಲ. ‘ಏನೇ ಅದು?’ ಅಂದೆ.

‘ಹುತ್ತದ ಮಣ್ಣು ಅಕ್ಕ. ಹರಕೆ ಮುಗೀತು, ಆದ್ರೂ ಬಿಡಕ್ಕೆ ಆಗ್ತಿಲ್ಲ. ಬೇರೆ ಮಣ್ಣಿನ ಥರ ಅಲ್ಲ ಇದು, ಸ್ವಲ್ಪ ಸಿಹಿಯಾಗಿರುತ್ತೆ.’

‘ಯಾವ ಹುತ್ತ?’

‘ಹೊಳೆ ಹತ್ರದ್ದು. ಹೊಸ ಲೇಔಟಿಂದು.’

ಸೀಸ ಸೇರಿದರೆ ಸಿಹಿಯಾಗುತ್ತದೆ. ನನ್ನ ಕೈಯಲ್ಲಿದ್ದ ಒದ್ದೆ ಟವೆಲನ್ನು ಮತ್ತೆ ಹಿಂಡಿ ಒಣಗಲು ಹಾಕಿದೆ. ಅವಳು ಒಳಗೆ ಹೋದ ಮೇಲೆ ಡಬ್ಬಿಯಿಂದ ಒಂದಿಷ್ಟು ಮಣ್ಣನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಬ್ಯಾಗಿಗೆ ಹಾಕಿಕೊಂಡೆ.

ಮಾರನೆಯ ದಿನ ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ ಅದನ್ನು ಆಸಿಡ್ಡಿನಲ್ಲಿ ಕರಗಿಸಿ ಮೆಷಿನ್ನಿಗೆ ಕೊಟ್ಟೆ. ಅಳತೆ ಮೀರಿದೆ ಎಂದು ಮೆಷಿನ್ನು ನಿಂತುಹೋಯಿತು. ನೀರು ಬೆರೆಸಿ ತೆಳು ಮಾಡಿ ಮತ್ತೆ ಕೊಟ್ಟೆ. ಮತ್ತೆ ತೆಳು ಮಾಡಿದೆ. ಮೂರನೆಯ ಸಲಕ್ಕೆ ಅಂಕಿ ಬಂತು. ಅಷ್ಟು ಸೀಸವನ್ನು ನಾನು ಆ ಇಪ್ಪತ್ತೆರಡು ವರ್ಷದಲ್ಲಿ ಯಾವ ಮಣ್ಣಿನಲ್ಲೂ ನೋಡಿರಲಿಲ್ಲ. ಕಾಗದ ಪ್ರಿಂಟ್ ತೆಗೆದೆ. ಮೇಲುಗಡೆ ತಾರೀಖು ತಾನಾಗಿಯೇ ಬಂತು. ಅವಳಿಗೆ ಆಗ ಮೂರು ತಿಂಗಳು. ಬಸುರಿಯ ಮೈಯೊಳಗಿನ ಸೀಸ ನೇರ ಮಗುವಿಗೆ ಹೋಗುತ್ತದೆ. ಅಷ್ಟನ್ನು ತಿಳಿಯಲು ಡಾಕ್ಟರಾಗಬೇಕಿಲ್ಲ.

ಕಾಗದ ಹಿಡಿದು ನಮ್ಮ ಲ್ಯಾಬಿನ ಸಾಹೇಬರ ಕೋಣೆಗೆ ಹೋದೆ. ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ‘ಆ ಜಾಗದ ಸರ್ಟಿಫಿಕೇಟಿಗೆ ಸೈನ್ ಮಾಡಿದವರು ಯಾರು ಮೇಡಂ?’ ಅಂದರು. ‘ನಾನೇ,’ ಅಂದೆ. ‘ಹಾಗಾದ್ರೆ ಇದನ್ನ ನಾನು ನೋಡಿಲ್ಲ. ನೀವು ಕೊಟ್ಟರೆ ನಾನು ಮೇಲಕ್ಕೆ ಕಳಿಸಲೇಬೇಕು, ಕಳಿಸಿದ್ರೆ ಮೊದಲು ಹೋಗೋದು ನೀವೇ. ಯೋಚನೆ ಮಾಡಿ,’ ಅಂದು ಕಾಗದವನ್ನು ನನ್ನ ಕಡೆಗೇ ಸರಿಸಿದರು. ಯೋಚನೆ ಮಾಡಲು ನನಗೆ ಮೆಟ್ಟಿಲು ಇಳಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಕಾಗದವನ್ನು ನಾಲ್ಕಾಗಿ ಮಡಚಿ, ಬ್ಯಾಗಿನ ಒಳಜೇಬಿಗೆ ಹಾಕಿ ಜಿಪ್ಪು ಎಳೆದೆ.

ಬಸ್ಸಿನಲ್ಲಿ ಕೂತು ಒಂದು ಉಪಾಯ ಕಂಡುಕೊಂಡೆ. ಕಾಗದ ಯಾಕೆ ಬೇಕು, ಬಾಯಲ್ಲಿ ಹೇಳಿದರೆ ಸಾಕು. ತಿನ್ನುವುದು ನಿಂತರೆ ಆಯಿತಲ್ಲ.

ಮನೆಗೆ ಬಂದವಳೇ ಹೇಳಿದೆ. ಹೇಳಿದ ರೀತಿ ನನ್ನದೇ ರೀತಿ. ‘ಬಂಗಾರದಂಥ ಅನ್ನ ಇಟ್ಕೊಂಡು ಮಣ್ಣು ಮುಕ್ತೀಯಲ್ಲೇ, ನಾಚಿಕೆ ಆಗಲ್ವಾ? ಆ ಹುತ್ತದ ಮಣ್ಣಲ್ಲಿ ಸೀಸ ಇದೆ. ತಿಂದ್ರೆ ಮಗು ಉಳಿಯಲ್ಲ,’ ಅಂದೆ.

ಉಳಿಯಲ್ಲ ಎಂಬ ಮಾತು ಬಾಯಿಂದ ಬಿದ್ದದ್ದೇ ಸಾಕಾಯಿತು. ಅಮ್ಮ ದೀಪದ ಬತ್ತಿ ಹೊಸೆಯುತ್ತಿದ್ದವಳು ಎದ್ದು ಬಂದಳು. ‘ಒಂಬತ್ತು ವರ್ಷ ಹಂಗಿಸಿದ್ದು ಸಾಲಲಿಲ್ವೇನೇ ನಿನಗೆ? ಈಗ ಹೊಟ್ಟೇಲಿರೋದ್ರ ಮೇಲೂ ನಾಲಿಗೆ ಚಾಚ್ತೀಯಲ್ಲ. ಬಿಡ್ತು ಅನ್ನು,’ ಅಂದಳು. ತಮ್ಮನ ಹೆಂಡತಿ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡು ಗೋಡೆಗೆ ಒರಗಿ ನಿಂತಳು.

ತಮ್ಮ ಸಮಾಧಾನದ ಮನುಷ್ಯ. ‘ಇರಮ್ಮ,’ ಅಂದ. ನನ್ನ ಕಡೆ ತಿರುಗಿ, ‘ಅಕ್ಕ, ಆ ಜಾಗ ಕ್ಲೀನ್ ಇದೆ ಅಂತ ಸೈನ್ ಹಾಕಿದ್ದು ನೀನೇ ಅಲ್ವಾ? ಲೇಔಟಿನವರು ಬೋರ್ಡು ಬೇರೆ ಹಾಕಿದಾರೆ. ಈಗ ಸೀಸ ಎಲ್ಲಿಂದ ಬಂತು?’ ಎಂದು ಕೇಳಿದ.

ಬ್ಯಾಗು ನನ್ನ ಹೆಗಲಲ್ಲೇ ಇತ್ತು. ಜಿಪ್ಪು ಎಳೆದು ಕಾಗದ ತೆಗೆದು ಅವನ ಕೈಗೆ ಕೊಟ್ಟಿದ್ದರೆ ಮುಗಿಯುತ್ತಿತ್ತು. ಕೊಟ್ಟರೆ ಎರಡು ಚೀಲ ಕೆಂಪುಮಣ್ಣಿನ ಕಥೆಯೂ ಹೊರಗೆ ಬರುತ್ತಿತ್ತು. ಸಮಾಧಾನದ ಮನುಷ್ಯನಾದರೂ ಇಂಥದ್ದರಲ್ಲಿ ತಮ್ಮ ಸುಮ್ಮನಿರುವವನಲ್ಲ, ನೇರ ಆಫೀಸುಗಳಿಗೆ ಹೋಗುವವನು. ನಾನು, ‘ನನಗೆ ಗೊತ್ತು, ಅದಕ್ಕೇ ಹೇಳಿದೆ. ಬೇಕಾದ್ರೆ ಕೇಳಿ, ಬಿಟ್ರೆ ಬಿಡಿ,’ ಅಂದು ಒಳಗೆ ಹೋಗಿ ಕೈಕಾಲು ತೊಳೆದುಕೊಂಡೆ.

ಆಮೇಲೂ ಕೆಲವು ಸಲ ಪ್ರಯತ್ನ ಪಟ್ಟೆ. ಡಬ್ಬಿಯ ಮಣ್ಣನ್ನು ಮೋರಿಗೆ ಸುರಿದೆ. ಅವಳು ಹೋಗಿ ಹೊಸದು ತಂದಳು. ಡಬ್ಬಿಯನ್ನೇ ಬಚ್ಚಿಟ್ಟೆ, ಅವಳು ಸೆರಗಿನ ತುದಿಯಲ್ಲಿ ಗಂಟು ಕಟ್ಟಿ ಇಟ್ಟುಕೊಂಡಳು. ನನ್ನ ಎದುರಿಗೆ ಬಂದರೆ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಿದ್ದಳು. ಅಷ್ಟು ವರ್ಷ ತಲೆ ತಗ್ಗಿಸಿ ಓಡಾಡಿದವಳು ಈಗ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ನನಗೆ ಸಿಟ್ಟು ಬಂತು. ಇಲ್ಲಿ ಸುಳ್ಳು ಬರೆಯುವುದಿಲ್ಲ: ಒಂದು ಬೆಳಿಗ್ಗೆ ಬಸ್ಸಿಗೆ ಓಡುವಾಗ, ತಿನ್ನಲಿ, ಹೇಳುವಷ್ಟು ಹೇಳಿದ್ದೇನೆ ಎಂದುಕೊಂಡೆ. ಆ ದಿನ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿ ನೆಮ್ಮದಿಯಾಗಿ ನಿದ್ದೆಯೂ ಮಾಡಿದೆ.

ಐದನೆಯ ತಿಂಗಳಿಗೆ ಅವಳ ಮುಖ ಬಿಳುಚಿತು. ಹೊಟ್ಟೆ ಹಿಂಡಿದಂತೆ ನೋವು, ವಾರಗಟ್ಟಲೆ ಮಲಬದ್ಧತೆ, ಕೊಡ ಎತ್ತಿದರೆ ಮಣಿಕಟ್ಟು ನಿಲ್ಲುತ್ತಿರಲಿಲ್ಲ. ಬಸುರಿಯರಿಗೆ ಇದೆಲ್ಲ ಇದ್ದದ್ದೇ ಎಂದು ಅಮ್ಮ ಜೀರಿಗೆ ಕಷಾಯ ಮಾಡಿಕೊಟ್ಟಳು. ತಮ್ಮನಿಗೆ ವ್ಯಾನಿನ ಕೆಲಸ ಇದ್ದದ್ದರಿಂದ ಶಿವಮೊಗ್ಗದ ಆಸ್ಪತ್ರೆಗೆ ಅಮ್ಮನ ಜೊತೆ ನಾನು ಹೋದೆ. ಡಾಕ್ಟರಮ್ಮ ಒಳ್ಳೆಯವರು, ಆತುರ ಮಾಡುವವರಲ್ಲ. ಕಣ್ಣರೆಪ್ಪೆ ಎಳೆದು ನೋಡಿದರು, ರಕ್ತ ಕಡಿಮೆ ಇದೆ ಅಂದರು. ಆಮೇಲೆ ಪೆನ್ನು ಕೆಳಗಿಟ್ಟು, ‘ಊಟ ಬಿಟ್ಟು ಬೇರೆ ಏನಾದ್ರೂ ತಿಂತಾರಾ? ಸುಣ್ಣ, ಬಳಪ, ಮಣ್ಣು, ಅಂಥದ್ದು?’ ಎಂದು ಕೇಳಿದರು.

ತಮ್ಮನ ಹೆಂಡತಿ ನೆಲ ನೋಡಿದಳು. ಅಮ್ಮ, ‘ಇಲ್ಲಮ್ಮ, ದೇವರ ಪ್ರಸಾದ ಬಿಟ್ಟು ಬೇರೇನೂ ಇಲ್ಲ,’ ಅಂದಳು.

ಡಾಕ್ಟರಮ್ಮ ನನ್ನ ಕಡೆ ನೋಡಿದರು. ಮೂವರಲ್ಲಿ ಓದಿದವಳಂತೆ ಕಂಡವಳು ನಾನೇ ಇರಬೇಕು. ಯಾವ ಮನೆಯಲ್ಲಿ, ಯಾರ ಮದುವೆಯಲ್ಲಿ, ಎಂಥ ಮಾತಿಗೂ ಸುಮ್ಮನಿರದ ನನ್ನ ಬಾಯಿ ಅಲ್ಲಿ ಸುಮ್ಮನಿತ್ತು. ಮಣ್ಣು ಅಂದರೆ ಯಾವ ಮಣ್ಣು ಅನ್ನುತ್ತಾರೆ, ಎಲ್ಲಿಯದು ಅನ್ನುತ್ತಾರೆ, ರಕ್ತ ಪರೀಕ್ಷೆಗೆ ಕಳಿಸುತ್ತಾರೆ, ಸೀಸ ಅಂತ ಬರೆದು ಬರುತ್ತದೆ, ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೊರಡುತ್ತಾರೆ. ಅಷ್ಟೂ ದೂರ ನನ್ನ ತಲೆ ಓಡಿತು. ಡಾಕ್ಟರಮ್ಮ ಪೆನ್ನು ಎತ್ತಿಕೊಂಡು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಹೊರಗೆ ಬಂದು ನಾನೇ ಮೆಡಿಕಲ್ಲಿಗೆ ಹೋಗಿ ಮಾತ್ರೆ ತಂದೆ.

ಏಳನೆಯ ತಿಂಗಳು ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣು. ಮಧ್ಯಾಹ್ನ ಹುಟ್ಟಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಹೋಯಿತು. ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದಾಗ ನಾನೂ ನೋಡಿದೆ. ಉಗುರುಗಳೆಲ್ಲ ಬಂದಿದ್ದವು. ತಮ್ಮ ಅದನ್ನು ಬಿಳಿ ಪಂಚೆಯಲ್ಲಿ ಸುತ್ತಿ ಎದೆಗವಚಿಕೊಂಡು, ವ್ಯಾನು ಬೇಡ ಎಂದು ಪಕ್ಕದ ಮನೆಯವರ ಆಟೋದಲ್ಲಿ ಕೂತ. ಹೂತು ಬಂದು ಸ್ನಾನ ಮಾಡಿ, ನನ್ನ ಮುಖ ನೋಡದೆ ಮಲಗಿದ. ಅಮ್ಮ ಮಾತ್ರ ನೋಡಿದಳು. ‘ಉಳಿಯಲ್ಲ ಅಂದಿದ್ದೆಯಲ್ಲ, ಉಳೀಲಿಲ್ಲ. ಈಗ ಉಣ್ಣು ಹೋಗು,’ ಅಂದಳು. ಅಡಿಗೆ ಮನೆಯಲ್ಲಿ ಪಕ್ಕದ ಮನೆಯವರು ಕಳಿಸಿದ ಅನ್ನ ಸಾರು ಇತ್ತು. ನಾನು ಉಂಡೆ.

ನನ್ನ ನಾಲಿಗೆಯೇ ಮಗುವನ್ನು ತಿಂದಿತು ಎಂದು ನಮ್ಮ ಬೀದಿಯಲ್ಲಿ ಮಾತಾಯಿತು. ಬಂದುಹೋಗುವ ಹೆಂಗಸರು ಕಣ್ಣು ತಪ್ಪಿಸುತ್ತಿದ್ದರು. ವಿಚಿತ್ರವೆಂದರೆ ಆ ಅಪವಾದ ನನಗೆ ಅನುಕೂಲವಾಗಿಯೇ ಇತ್ತು. ನಾಲಿಗೆಯ ದೋಷಕ್ಕೆ ಯಾವ ಆಫೀಸಿನಿಂದಲೂ ನೋಟಿಸು ಬರುವುದಿಲ್ಲ.

ಎರಡು ತಿಂಗಳು ಕಳೆಯಿತು. ಮತ್ತೆ ಶ್ರಾವಣ ಬಂತು. ಪಂಚಮಿಯ ಮಾರನೆಯ ಬೆಳಿಗ್ಗೆ ನೀರು ಕುಡಿಯಲು ಅಡಿಗೆ ಮನೆಗೆ ಹೋದಾಗ ತಮ್ಮನ ಹೆಂಡತಿ ಸ್ಟೀಲ್ ಡಬ್ಬಿ ತೊಳೆದು ಒರೆಸುತ್ತಿದ್ದಳು. ಪಕ್ಕದಲ್ಲಿ ಬಾಳೆಎಲೆಯ ತುಂಡಿನ ಮೇಲೆ ಹುತ್ತದ ಮಣ್ಣು. ಈ ಸಲ ಹರಕೆ ಎರಡು ಮಂಡಲ, ತೊಂಬತ್ತಾರು ದಿನ ಎಂದು ಅಮ್ಮ ಹೇಳಿದಳು. ಹೋದ ಸಲ ನಲವತ್ತೆಂಟು ಮಾಡಿದ್ದಕ್ಕೆ ಅರ್ಧಕ್ಕೇ ನಿಂತುಹೋಯಿತಂತೆ.

ಆ ಹುತ್ತವನ್ನು ಆಮೇಲೆ ತೆಗೆದರು. ಮೈತುಂಬ ಬಿಳಿ ಅಂಗಿ, ಮುಖಕ್ಕೆ ಮುಚ್ಚಿಗೆ ಹಾಕಿದವರು ಬಂದು ತೆಗೆದರು. ನನ್ನ ಕೆಲಸವೂ ಹೋಯಿತು, ಕೋರ್ಟಿಗೂ ಅಲೆದೆ. ಅದರ ಬಗ್ಗೆ ಹೇಳಲು ನನಗೆ ಆಸಕ್ತಿ ಇಲ್ಲ. ಹೇಳಬೇಕಾದದ್ದು ಆ ಬೆಳಗಿನದು ಮಾತ್ರ.

ಅಮ್ಮ ಹೂ ಕೀಳಲು ಹಿತ್ತಲಿಗೆ ಹೋಗಿದ್ದಳು. ನಾನು ಒಳಗೆ ಹೋಗಿ ಬ್ಯಾಗಿನ ಜಿಪ್ಪು ಎಳೆದು ಕಾಗದ ತಂದು ಅವಳ ಮುಂದೆ ಹಿಡಿದೆ. ಮಡಿಕೆಯ ಗೆರೆಗಳಲ್ಲಿ ಹರಿಯುವಂತಾಗಿತ್ತು. ಅವಳು ಕೈ ಒರೆಸಿಕೊಂಡು ತೆಗೆದುಕೊಂಡಳು. ಟೀಚರಾಗಿದ್ದವಳು, ಇಂಗ್ಲಿಷು ಬರುತ್ತದೆ. ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಅಂಕಿಯ ಹತ್ತಿರ ನಿಂತಳು, ಪಕ್ಕದಲ್ಲಿ ಇಷ್ಟರೊಳಗಿರಬೇಕು ಎಂದು ಬರೆದಿದ್ದ ಅಂಕಿ ನೋಡಿದಳು, ಮತ್ತೆ ಮೊದಲಿನದನ್ನು ನೋಡಿದಳು. ಆಮೇಲೆ ಬೆರಳು ನಿಧಾನವಾಗಿ ಮೇಲಕ್ಕೆ ಹೋಗಿ ತಾರೀಖಿನ ಮೇಲೆ ನಿಂತಿತು.

‘ಆಗ ನನಗೆ ಮೂರು ತಿಂಗಳು,’ ಅಂದಳು.

‘ಹೌದು.’

‘ನೀವು ಮಗು ಉಳಿಯಲ್ಲ ಅಂದ್ರಲ್ಲ ಅಕ್ಕ, ಆವತ್ತು ಇದು ನಿಮ್ಮ ಹತ್ರ ಇತ್ತಾ?’

‘ಬ್ಯಾಗಲ್ಲಿತ್ತು.’

‘ಆಸ್ಪತ್ರೆಗೆ ಬಂದಿದ್ರಲ್ಲ, ಆವತ್ತು?’

‘ಆವತ್ತೂ ಇತ್ತು.’

ಅವಳು ಎಲೆಯ ಮೇಲಿದ್ದ ಮಣ್ಣನ್ನು ಹಾಗೇ ಸುತ್ತಿ ಕಟ್ಟಿ, ಕಾಗದದ ಜೊತೆ ತನ್ನ ಹತ್ತಿರವೇ ಇಟ್ಟುಕೊಂಡಳು. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ಕೂಗಾಡುತ್ತಾಳೆ, ತಮ್ಮನನ್ನು ಕರೆಯುತ್ತಾಳೆ ಅಂದುಕೊಂಡೆ, ಅದೂ ಇಲ್ಲ. ಮಕ್ಕಳಿಗೆ ಲೆಕ್ಕ ಬಿಡಿಸಿ ಹೇಳುವವರ ದನಿಯಲ್ಲಿ ಹೇಳಿದಳು.

‘ನಿಮ್ಮ ಬಾಯಿ ನಾನು ನಂಬಲಿಲ್ಲ ಅಕ್ಕ. ಒಂಬತ್ತು ವರ್ಷದಲ್ಲಿ ಆ ಬಾಯಿಂದ ನನಗೆ ಒಂದು ಒಳ್ಳೇ ಮಾತು ಬಂದಿರ್ಲಿಲ್ಲ. ನೀವು ಬೇಡ ಅಂದಿದ್ದಕ್ಕೇ ಎರಡು ಹೊತ್ತು ತಿಂದೆ, ನೀವು ಹೇಳಿದ್ದರ ಉಲ್ಟಾ ಆಗಲಿ ಅಂತ. ಈ ಕಾಗದ ಕೊಟ್ಟಿದ್ರೆ ನಂಬ್ತಿದ್ದೆ.’

‘ಕೊಟ್ಟಿದ್ರೆ ಕೆಲಸ ಹೋಗ್ತಿತ್ತು,’ ಅಂದೆ.

‘ಹೌದಲ್ಲ,’ ಅಂದಳು.